ಕೈ ಕಟ್ಟಿ ಕೂರುವ ಕೆಲಸ

ಜನವರಿ 14, ಮಂಗಳವಾರ

ಬೆಳಗಿನ ಪಾಳಿ. ಬಸ್ ಸ್ಟಾಪಿನಲ್ಲಿ ಕತ್ತಲೆ, ಕಾಲು ಜಾರಿಸುವ ಹಿಮ, ನಾನು, ಮತ್ತೆ ಬೇಕರಿ ಕೆಲಸದ ಆ ಟರ್ಕಿ ಹೆಂಗಸು. ಇಬ್ಬರೂ ತಲೆಯಾಡಿಸಿದೆವು. ಜರ್ಮನಿಗೆ ಬಂದಾಗಿನಿಂದ ಅಷ್ಟೇ ಪರಿಚಯ. ಅಷ್ಟಾದರೂ ಇದೆಯಲ್ಲ.

ವೃದ್ಧಾಶ್ರಮದಲ್ಲಿ ಇವತ್ತೂ ನನ್ನ ಕೋಣೆಗಳೇ ಮೊದಲು ಮುಗಿದವು. ಮೈ ತೊಳೆಸಿ, ಬಟ್ಟೆ ತೊಡಿಸಿ, ತಲೆ ಬಾಚಿ, ಎಲ್ಲರನ್ನೂ ತಿಂಡಿ ಮೇಜಿಗೆ ಕೂರಿಸಿದಾಗ ಪಕ್ಕದ ಸಾಲಿನ ಆಂಕೆ ಇನ್ನೂ ಅರ್ಧದಲ್ಲಿದ್ದಳು. ಆ ಹುಡುಗಿ ಮಂಚದ ಪಕ್ಕ ಸುಮ್ಮನೆ ನಿಂತು, ಮುದುಕಿಯೊಬ್ಬಳು ಕಾಲುಚೀಲದ ಜೊತೆ ಗುದ್ದಾಡುವುದನ್ನು ನೋಡುತ್ತಿರುತ್ತಾಳೆ. ಅದಕ್ಕೆ ಅವಳಿಗೆ ನನಗಿಂತ ಹೆಚ್ಚು ಸಂಬಳ.

ಹೆರ್ ಟೀಲೆಗೆ ನನ್ನ ಕೈಯೇ ಆಗಬೇಕು. ಟ್ರಾಮ್ ಓಡಿಸುತ್ತಿದ್ದ ಮನುಷ್ಯ, ಈಗ ಎಂಬತ್ತರ ಹತ್ತಿರ. ಕ್ರಿಸ್ಮಸ್‌ಗೆ ಮೊದಲು ಲಕ್ವ ಹೊಡೆದು ಬಲಗೈ ಸೋತಿದೆ. ಆಸ್ಪತ್ರೆಯಿಂದ ನೇರ ನಮ್ಮ ವೃದ್ಧಾಶ್ರಮಕ್ಕೆ ಬಂದರು, ಸ್ವಲ್ಪ ದಿನದ ಮಟ್ಟಿಗೆ. ಕೈ ಸುಧಾರಿಸಿದರೆ ಸ್ವಂತ ಮನೆಗೆ ವಾಪಸ್. ಇಲ್ಲದಿದ್ದರೆ ಇಲ್ಲೇ ಕೊನೆತನಕ. ಪ್ಯಾಂಟು, ಅಂಗಿ, ಗುಂಡಿ, ಬೂಟಿನ ಲಾಡಿ – ಎಲ್ಲ ನಾನೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸುತ್ತೇನೆ.

"ಫ್ರೌ ಕುಟ್ಟಪ್ಪನ್, ನೀವು ರಜಾ ಹಾಕಿದ್ರೆ ನನ್ನ ತಿಂಡಿ ಮಧ್ಯಾಹ್ನಕ್ಕೆ ಹೋಗುತ್ತೆ" ಅಂದರು. ಖುಷಿಯಾಯಿತು. ಇಂಥ ಮಾತು ಇಲ್ಲಿ ಯಾರೂ ಸುಮ್ಮನೆ ಆಡುವುದಿಲ್ಲ.

ಜನವರಿ 16, ಗುರುವಾರ

ಹೆಂಗಸಾದರೆ ಫ್ರೌ, ಗಂಡಸಾದರೆ ಹೆರ್, ಮುಂದೆ ಮನೆತನದ ಹೆಸರು. ನನಗೆ ಮನೆತನದ ಹೆಸರು ಎಲ್ಲಿಂದ ಬರಬೇಕು? ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿದೆ. ಸ್ಮಿಜ ಅನ್ನುವವಳೊಬ್ಬಳಿದ್ದಾಳೆ ಎಂದು ಇಡೀ ಊರಲ್ಲಿ ಗೊತ್ತಿರುವುದು ಮನೆಯಲ್ಲಿ ಜೊತೆಗಿರುವ, ನಮ್ಮೂರ ಕಡೆಯ ಡೆಲ್ನಳೊಬ್ಬಳಿಗೆ. ಅವಳೂ ಚೇಚಿ, ಅಂದರೆ ಅಕ್ಕ, ಅನ್ನುತ್ತಾಳೆ. ಉಳಿದವರೆಲ್ಲ ಬೆಳಗಿನಿಂದ ಸಂಜೆವರೆಗೆ ಅಪ್ಪನನ್ನು ಹೆಸರು ಹಿಡಿದು ಕರೆಯುತ್ತಾರೆ. ಕುಟ್ಟಪ್ಪನ್, ಆ ಬಕೆಟ್ ಕೊಡಿ. ಕುಟ್ಟಪ್ಪನ್, ಆರನೇ ಕೋಣೆಯಲ್ಲಿ ಗಂಟೆ ಬಾರಿಸ್ತಿದ್ದಾರೆ. ಜೀವಮಾನವಿಡೀ ಕೇರಳದ ಚೇರ್ತಲದಲ್ಲಿ ತೆಂಗಿನ ಮರ ಹತ್ತಿದವನು, ಸತ್ತಮೇಲೆ ಜರ್ಮನಿಯಲ್ಲಿ ಡ್ಯೂಟಿ.

ಡೆಲ್ನಗೆ ಹೇಳಿದರೆ ನಕ್ಕು ನಕ್ಕು ಮರಗೆಣಸು ಗಂಟಲಿಗೆ ಸಿಕ್ಕಿಸಿಕೊಂಡಳು. "ನನ್ನ ಸ್ಥಿತಿ ಕೇಳು ಚೇಚಿ. ನಮ್ಮಪ್ಪನ ಹೆಸರು ಔಸೇಪ್. ಇವರ ಬಾಯಲ್ಲಿ ಅದು ಸೀನಿದ ಹಾಗೆ ಕೇಳ್ಸುತ್ತೆ."

ಜನವರಿ 19, ಭಾನುವಾರ

ರಜಾ. ಕುಕ್ಕರ್ ಇಟ್ಟೆ. ಎರಡು ಸಲ ಕೂಗಿದ್ದೇ ತಡ, ಕೆಳಮನೆಯ ಹೆಂಗಸು ಬಾಗಿಲಲ್ಲಿ.

"ಇವತ್ತು ಭಾನುವಾರ."

"ಹೌದು."

"ನಿಮ್ಮ ಮನೇಲಿ ರೈಲು ಬಂತು."

ಕಡಲೆ ಎಂದೆ. ತೋರಿಸಿದೆ. ಮೂಗು ಹತ್ತಿರ ತಂದು ನೋಡಿದಳು. ಒಂದು ಬಟ್ಟಲು ಕೊಟ್ಟೆ. ಸಂಜೆ ಬಟ್ಟಲು ತೊಳೆದು ವಾಪಸ್ ತಂದಳು, ಖಾಲಿ ಅಲ್ಲ, ಒಳಗೆ ಎರಡು ಬಿಸ್ಕತ್ತು. ಆದರೂ ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ರೈಲು ಬೇಡವಂತೆ. ಇನ್ನು ಶನಿವಾರವೇ ಬೇಯಿಸಿಡಬೇಕು. ಊರಿಗೆ ಬಂದವಳು ನೀರಿಗೆ ಬರದೆ ಇರಲಾಗುತ್ತದೆಯೇ.

ಫೆಬ್ರವರಿ ಕೊನೆಗೆ ನನ್ನ ಆರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತದೆ. ಆಮೇಲೆ ಕೆಲಸ ಕಾಯಂ. ಬೇಡ ಅಂದರೆ ಕೆಲಸದ ಜೊತೆ ವೀಸಾವೂ ಹೋಗುತ್ತದೆ. ಬೇಡ ಅನ್ನಲು ಕಾರಣ ಏನಿದೆ? ನನ್ನಷ್ಟು ಬೇಗ ಕೆಲಸ ಮುಗಿಸುವವರು ಆ ಮಹಡಿಯಲ್ಲೇ ಇಲ್ಲ.

ಜನವರಿ 28, ಮಂಗಳವಾರ

ಕೋಟು ಬಿಚ್ಚದೆಯೇ ಬರೆಯಲು ಕೂತಿದ್ದೇನೆ. 

ಇವತ್ತು ಹೆರ್ ಟೀಲೆಯವರ ತಪಾಸಣೆ. ಕೈ ವ್ಯಾಯಾಮ ಮಾಡಿಸುವ ಫ್ರೌ ಬೀಬರ್ ಬಂದಿದ್ದಳು. ಹ್ಯಾಂಬರ್ಗಿನಿಂದ ಮಗಳು ಉಟೆಯೂ ಬಂದಿದ್ದಳು. ಅಪ್ಪ ಮನೆಗೆ ಬರಬಹುದೋ, ಬಾಡಿಗೆ ಮನೆ ಬಿಟ್ಟುಬಿಡಬೇಕೋ – ಇವತ್ತು ತೀರ್ಮಾನ. ಒಂಟಿ ಮನುಷ್ಯ. ಬಟ್ಟೆ ಹಾಕಿಕೊಳ್ಳಲು, ಕಕ್ಕಸಿಗೆ ಹೋಗಿ ಬರಲು ತನ್ನಿಂದಲೇ ಆಗಬೇಕು.

ಫ್ರೌ ಬೀಬರ್ ಅಂಗಿಯನ್ನು ಅವರ ತೊಡೆಯ ಮೇಲಿಟ್ಟಳು. "ಹಾಕ್ಕೊಳ್ಳಿ, ಹೆರ್ ಟೀಲೆ."

ಅವರು ಅಂಗಿ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಾನಿದ್ದೆ. ಸುಮ್ಮನೆ ತೋಳು ಎತ್ತಿ ಹಿಡಿದರು, ದಿನಾ ನನ್ನ ಮುಂದೆ ಹಿಡಿಯುವ ಹಾಗೆ. ತೊಡಿಸು ಎಂದು.

 ಆಮೇಲೆ ಎಡಗೈಯಲ್ಲಿ ಎಳೆದಾಡಿದರು. ಅಂಗಿಯ ತೋಳು ತಲೆಕೆಳಗಾಯಿತು. ಗುಂಡಿ ಹತ್ತಿರ ಬೆರಳು ಹೋಗಿ ನಿಂತುಬಿಟ್ಟಿತು. "ಬಂದ ವಾರದಲ್ಲಿ ಎರಡು ಗುಂಡಿ ಹಾಕಿದ್ರಲ್ಲ, ನಾನೇ ನೋಡಿದ್ದೆ. ಈಗ ಒಂದೂ ಇಲ್ಲ ಯಾಕೆ?" ಎಂದಳು ಫ್ರೌ ಬೀಬರ್. ಬೈಯಲಿಲ್ಲ. ನಿಜವಾಗಿ ಕೇಳಿದಳು. ಮಗಳು ಕಿಟಕಿಯ ಕಡೆ ತಿರುಗಿ ಕೂತಳು.

ಆಮೇಲೆ ನಮ್ಮ ಮೇಲ್ವಿಚಾರಕಿ ಫ್ರೌ ಲೋರೆನ್ಸ್ ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿದರು.

"ಗುಂಡಿ ಯಾರು ಹಾಕ್ತಿದ್ರು?"

"ನಾನು."

"ಬೆಳಿಗ್ಗೆನಾ?"

"ದಿನಾ."

"ಯಾಕೆ?"

"ಕಷ್ಟಪಡ್ತಿದ್ರು. ನೋಡೋಕಾಗ್ತಿರಲಿಲ್ಲ."

"ಫ್ರೌ ಕುಟ್ಟಪ್ಪನ್, ಅವರಿಗೆ ಬರುತ್ತಿದ್ದ ಕೆಲಸ ನೀವು ಮಾಡಿ ಮಾಡಿ ಅವರ ಕೈಯಿಂದ ಕಿತ್ಕೊಂಡ್ರಿ. ಈಗ ಮನೇನೂ ಹೋಗ್ತಾ ಇದೆ."

ಇಷ್ಟು ಹೇಳಿ ನೀರು ಕುಡಿದರು. ಫೆಬ್ರವರಿ ಕೊನೆಗೆ ಇನ್ನೊಂದು ತಪಾಸಣೆ ಕೇಳಿಕೊಂಡಿದ್ದಾರಂತೆ. ಅದೇ ಕೊನೆಯದು. "ನಿಮ್ಮ ಅವಧೀನೂ ಆಗಲೇ ಮುಗಿಯುತ್ತೆ" ಎಂದರು. ಹೆದರಿಸಲು ಹೇಳಿದ್ದಲ್ಲ. ಆದರೂ ಹೆದರಿಕೆಯಾಯಿತು.

ಜನವರಿ 29, ಬುಧವಾರ

ಸಿಟ್ಟು ಇಳಿದಿಲ್ಲ. ಎರ್ನಾಕುಳದ ಆಸ್ಪತ್ರೆಯಲ್ಲಿ ನಾನು ಸೂಜಿ ಚುಚ್ಚುವವಳು, ಡಾಕ್ಟರ ಜೊತೆ ರೌಂಡ್ಸ್ ಹೋಗುವವಳು. ರೋಗಿಯ ಮೈ ಒರೆಸುವುದು, ಉಣ್ಣಿಸುವುದು, ಬಟ್ಟೆ ತೊಡಿಸುವುದು ಎಲ್ಲ ಜೊತೆಗೆ ಬಂದ ಮನೆಯವರ ಕೆಲಸ. ಹೆಂಡತಿ, ಮಗಳು, ಸೊಸೆ. ಮುಟ್ಟಬೇಡ ಅಂದರೂ ಮುಟ್ಟುತ್ತಿದ್ದರು. ಇಲ್ಲಿ ಬಂದು ಮೊದಲ ದಿನ ಸ್ಪಂಜು ಕೈಗೆ ಕೊಟ್ಟಾಗ ಅವಮಾನವಾಗಿತ್ತು. ನುಂಗಿಕೊಂಡೆ. ಕಲಿತೆ. ಸ್ವಂತ ಮಗಳು ಮಾಡುವ ಹಾಗೆ ಮಾಡಿದೆ. ಈಗ ಅದೇ ತಪ್ಪಂತೆ!

ಆದರೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 'ವೃದ್ಧರು ತಮ್ಮಿಂದಾಗುವುದನ್ನು ತಾವೇ ಮಾಡಲು ಬಿಡಬೇಕು.' ಇಲ್ಲಿನ ಕೆಲಸಕ್ಕೆಂದು ಮಾಡಿದ ಕೋರ್ಸಿನಲ್ಲಿ ಇದರ ಮೇಲೆ ಒಂದು ಪುಟ ಬರೆದಿದ್ದೆ, ಒಳ್ಳೆ ಅಂಕವೂ ಬಂದಿತ್ತು. ಅದು ಪರೀಕ್ಷೆಗೆ ಎಂದುಕೊಂಡಿದ್ದೆ. ಮಕ್ಕಳೇ ಬಂದು ಕೂರದ ಊರಿನವರು, ಕೆಲಸ ತಪ್ಪಿಸಿಕೊಳ್ಳಲು ಮಾಡಿಕೊಂಡ ನಿಯಮ ಎಂದೂ ಅಂದುಕೊಂಡಿದ್ದೆ.

ಆ ಎತ್ತಿ ಹಿಡಿದ ತೋಳು ಕಣ್ಣಿಂದ ಹೋಗುತ್ತಿಲ್ಲ.

ಡೆಲ್ನ: "ಬೇರೆ ಮಹಡಿ ಕೇಳು ಚೇಚಿ. ಆ ಮುದುಕನ ಸಹವಾಸ ಬೇಡ. ಅವನು ತಪಾಸಣೇಲಿ ಪಾಸಾಗ್ಲಿಲ್ಲ ಅಂದ್ರೆ ನಿನ್ನ ತಲೆಗೇ ಕಟ್ತಾರೆ."

ಬುದ್ಧಿ ಮಾತೇ. ಆದರೆ ಕೇಳುವುದಿಲ್ಲ.

ಜನವರಿ 31, ಶುಕ್ರವಾರ

ಫ್ರೌ ಲೋರೆನ್ಸ್ ಬಳಿ ಹೋಗಿ ಹೆರ್ ಟೀಲೆಯವರನ್ನು ನನ್ನ ಪಾಳಿಯಲ್ಲೇ ಇಡಿ ಎಂದೆ. ಪಾಳಿ ಪಟ್ಟಿ ಮುಚ್ಚಿಟ್ಟು ಕೇಳಿದರು, "ಸುಮ್ನೆ ಕೂರೋಕೆ ಆಗುತ್ತಾ ನಿಮಗೆ?" ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತು.

ಕೋಣೆಗೆ ಹೋದೆ. ಹೆರ್ ಟೀಲೆ ತೋಳು ಎತ್ತಿದರು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

"ಇವತ್ತಿಂದ ನೀವೇ."

"ಯಾಕೆ, ನಿಮಗೂ ಲಕ್ವ ಹೊಡೀತಾ? ನನಗೆ ಹೊಡೆದಿದ್ದು ಸಾಲ್ದಾ?"

ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಬನಿಯನ್ನಿನಲ್ಲಿ ಕೂತಿದ್ದಾರೆ, ಹೊರಗೆ ಹಿಮ, ಎದೆ ಮೇಲಿನ ಬಿಳಿ ಕೂದಲು ಕಾಣುತ್ತಿದೆ, ಬೈಯುತ್ತಿದ್ದಾರೆ. ಹೆಗಲಿಗೊಂದು ಶಾಲು ಹೊದಿಸಿದೆ, ಅಷ್ಟೇ. ತಿಂಡಿ ಹೊತ್ತು ಮುಗಿಯಿತು. ಗುಂಡಿ ಹಾಕದ ಅಂಗಿಯ ಮೇಲೆ ಸ್ವೆಟರ್ ಸಿಕ್ಕಿಸಿಕೊಂಡು ಹೋದರು. ಕಾಫಿ ಆರಿತ್ತು.

ನನ್ನ ಉಳಿದ ಕೋಣೆಗಳೆಲ್ಲ ತಡ. ಮೊದಲ ಬಾರಿಗೆ ಆಂಕೆ ನನಗಿಂತ ಮುಂಚೆ ಮುಗಿಸಿದಳು.

ಫೆಬ್ರವರಿ 4, ಮಂಗಳವಾರ

ಹೆರ್ ಟೀಲೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೇರೆಯವರ ಜೊತೆ ನನ್ನ ಬಗ್ಗೆ ಮಾತ್ರ ಆಡುತ್ತಾರೆ. ತಿಂಡಿ ಮೇಜಿನಲ್ಲಿ, ನಾನು ಬ್ರೆಡ್ ಹಂಚುತ್ತಿರುವಾಗಲೇ: "ಈ ಇಂಡಿಯಾದವಳು ಮೊದಲು ಚೆನ್ನಾಗಿದ್ಳು. ಈಗ ಇಲ್ಲಿಯವರನ್ನ ನೋಡಿ ಸೋಮಾರಿತನ ಕಲಿತ್ಳು."

ಪಕ್ಕದ ಅಜ್ಜಿ, "ಕೂತಿರೋಕೂ ಸಂಬಳ ಕೊಡ್ತಾರಾ?" ಅಂತು.

ಏನು ಬೇಕಾದರೂ ಅನ್ನಲಿ, ಸೋಮಾರಿ ಅನ್ನಬಾರದು. ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದು ಬಂದೆ. ಬ್ರೆಡ್ಡಿಗೆ ಬೆಣ್ಣೆ ಅವರೇ ಹಚ್ಚಿಕೊಳ್ಳಬೇಕು ಎಂದು ಚಾಕು ಅವರ ಎಡಗೈ ಪಕ್ಕ ಇಟ್ಟೆ. ಚಾಕು ನೋಡಿದರು, ನನ್ನನ್ನು ನೋಡಿದರು. ಒಣ ಬ್ರೆಡ್ ತಿಂದರು. ಹಠ ಅವರಿಗೊಬ್ಬರಿಗೇ ಇರುವುದೇನು?

ಫೆಬ್ರವರಿ 6, ಗುರುವಾರ

ಹಳೆ ಬಟ್ಟೆ ಅಂಗಡಿಯಿಂದ ಗಂಡಸರ ಅಂಗಿ ತಂದೆ. ಹೆರ್ ಟೀಲೆಯವರದ್ದರ ಥರವೇ, ಚೌಕಳಿ, ದಪ್ಪ ಬಟ್ಟೆ. ನನ್ನ ಬಲಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟು ಎಂದೆ ಡೆಲ್ನಗೆ. ಮೀನು ಸಾರು ಒಲೆಯ ಮೇಲಿತ್ತು. ಸಾರು ಕುದಿದು ಬತ್ತಿತು, ನನ್ನ ಅಂಗಿ ಮುಗಿಯಲಿಲ್ಲ.

"ಚೇಚಿ, ಹುಳಿಗೆ ಹಾಕಿದ ಕೊಡಂಪುಳಿ ಎಲ್ಲ ತಳ ಹಿಡೀತು. ನಾ ಹಾಕ್ಲಾ ಗುಂಡಿ?"

"ಮುಟ್ಟಿದ್ರೆ ನೋಡು."

ಹೀಗಂದ ಮೇಲೆ ನನಗೇ ಆಶ್ಚರ್ಯವಾಯಿತು. ಅವಳ ಕೈ ಹತ್ತಿರ ಬಂದಾಗ ಎಂಥ ಸಿಟ್ಟು ಬಂತು! ಬೆವರಿ, ತುಟಿ ಕಚ್ಚಿ, ಕೊನೆಗೆ ಒಂದು ಹಾಕಿದೆ. ಮೇಲಿಂದ ಶುರು ಮಾಡಿದರೆ ಕಾಣುವುದಿಲ್ಲ, ಗಲ್ಲ ಅಡ್ಡ ಬರುತ್ತದೆ. ಕೆಳಗಿನಿಂದ ಹಾಕಬೇಕು. ಸೋತ ಕೈಯ ತೋಳು ಮೊದಲು ತೂರಿಸಬೇಕು ಎಂದು ಪುಸ್ತಕದಲ್ಲೂ ಇದೆ, ಈಗ ಮೈಗೆ ಗೊತ್ತಾಯಿತು.

ಸಾರು ಸೀದಿತ್ತು. ತಿಂದೆವು.

ಫೆಬ್ರವರಿ 7, ಶುಕ್ರವಾರ

ಹೆರ್ ಟೀಲೆಗೆ ಹೇಳಲಿಲ್ಲ, ತೋರಿಸಿದೆ. ಆ ಅಂಗಿಯನ್ನು ನನ್ನ ಸಮವಸ್ತ್ರದ ಮೇಲೆ ಎಡಗೈಯಲ್ಲಿ ಹಾಕಿಕೊಳ್ಳುತ್ತಾ ಅವರೆದುರು ಕೂತೆ. ಬಲಗೈ ಜೇಬಿನಲ್ಲಿ. ಮೊದಲು ಕಿಟಕಿ ನೋಡುತ್ತಿದ್ದರು. ಆಮೇಲೆ ಓರೆಗಣ್ಣು. ಆಮೇಲೆ ತಡೆಯಲಾಗಲಿಲ್ಲ.

"ಅದಲ್ಲ. ತಪ್ಪು ತೂತಿಗೆ ಹಾಕ್ತಿದ್ದೀರಿ."

"ಯಾವುದಕ್ಕೆ?"

"ಅದರ ಕೆಳಗಿಂದಕ್ಕೆ. ಅಯ್ಯೋ, ಕಣ್ಣಿಲ್ವೇನ್ರೀ."

ಮಾತು ಬಂತು. ಬೈಗುಳವೇ ಆಗಲಿ.

ಫೆಬ್ರವರಿ 11, ಮಂಗಳವಾರ

ಒಂದು ಗುಂಡಿ ಹಾಕಿದರು. ಕೆಳಗಿನದು. ತಪ್ಪು ತೂತಿಗೆ.

ನಾನು ಸರಿ ಮಾಡಲು ಹೋದೆ. ಗೊತ್ತಿಲ್ಲದೆ ಹೋಯಿತು ಕೈ. ಅವರ ಎಡಗೈ ಬಂದು ನನ್ನ ಕೈ ಮೇಲೆ ಒಂದೇಟು ಹೊಡೆಯಿತು. ಜೋರಾಗಿಯೇ.

"ಕೈ ಆಚೆ. ಎಷ್ಟು ಸಲ ಹೇಳ್ಬೇಕು ನಿಮಗೆ, ಸುಮ್ನೆ ಕೂರಿ ಅಂತ."

ಅವರು ಒಮ್ಮೆಯೂ ಹೇಳಿದ್ದಲ್ಲ ಅದು, ಫ್ರೌ ಲೋರೆನ್ಸ್ ಹೇಳಿದ್ದು. ಇರಲಿ. ತೊಡೆಯ ಕೆಳಗೆ ಕೈ ಇಟ್ಟು ಕೂತೆ. ನಗು ತಡೆದುಕೊಂಡಿದ್ದಕ್ಕೆ ಹೊಟ್ಟೆ ನೋಯುತ್ತಿತ್ತು. ಗುಂಡಿ ಬಿಚ್ಚಿ ಮತ್ತೆ ಹಾಕಿದರು. ಈ ಸಲ ಬಲಗೈಯ ಎರಡು ಬೆರಳು ಬಟ್ಟೆಯ ಅಂಚು ಹಿಡಿದಿದ್ದವು. ನಿಜವಾಗಿ ಹಿಡಿದಿದ್ದವು, ಕಣ್ಣಾರೆ ನೋಡಿದೆ.

ಬಸ್ಸಿನಲ್ಲಿ ಆ ಟರ್ಕಿ ಹೆಂಗಸಿಗೆ ಹೇಳಿಬಿಟ್ಟೆ. ಅವಳಿಗೆ ಏನರ್ಥವಾಯಿತೋ. ಚೀಲದಿಂದ ಒಂದು ಬಿಸಿ ಬನ್ ತೆಗೆದುಕೊಟ್ಟಳು. ಅವಳ ಹೆಸರು ಎಮಿನೆ.

ಫೆಬ್ರವರಿ 18, ಮಂಗಳವಾರ

ಜ್ವರ. ಇಷ್ಟು ದಿನ ಹಾಸಿಗೆ. ಡೆಲ್ನ ಗಂಜಿ ಮಾಡಿ ಚಮಚ ಬಾಯಿ ಹತ್ತಿರ ತಂದಳು. ಬೇಡ ಅನ್ನಲಿಲ್ಲ. ಹಾಯೆನಿಸಿತು, ಸುಳ್ಳು ಹೇಳಬಾರದು. ಈ ನಿಯಮ ಮಾಡಿದವರಿಗೆ ಜ್ವರದಲ್ಲಿ ಯಾರಾದರೂ ಗಂಜಿ ಕುಡಿಸಿದ್ದಾರೋ ಇಲ್ಲವೋ.

ಇವತ್ತು ಡ್ಯೂಟಿಗೆ ಹೋದರೆ ಹೆರ್ ಟೀಲೆ ಮುಖ ಊದಿಸಿಕೊಂಡು ಕೂತಿದ್ದಾರೆ. ನಾನಿಲ್ಲದಾಗ ಹೊರಗಿನಿಂದ ಕಳಿಸಿದ ಬದಲಿ ನರ್ಸ್ ಬಂದಿದ್ದಳಂತೆ.

"ಅವಳೇ ಹಾಕಿದ್ಳು ಗುಂಡಿ ಎಲ್ಲ. ಬೇಡ ಅಂದೆ. ಟೈಮಿಲ್ಲ ಅಂತಾಳೆ. ನಾನೊಂದು ಗೊಂಬೆ ಅವಳಿಗೆ."

ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, "ನೀವೂ ಹಂಗೇ ಇದ್ರಿ" ಅಂದರು.

ಹೌದು, ಇದ್ದೆ. ಹೌದು ಎಂದೆ.

ಬೆರಳು ಮತ್ತೆ ಬಿಗಿದಿವೆ. ಒಂದು ಗುಂಡಿಗೂ ಒದ್ದಾಡಿದರು. ಇನ್ನು ಉಳಿದಿರುವುದು ಒಂದೇ ವಾರ. 

ಫೆಬ್ರವರಿ 22, ಶನಿವಾರ

ಇವತ್ತು ರಜಾ ಇತ್ತು. ಹೋದೆ. ಫ್ರೌ ಲೋರೆನ್ಸ್ ಕಂಡರೆ ಬೈಯುತ್ತಾರೆ ಎಂದು ಹಿಂದಿನ ಬಾಗಿಲಿಂದ. ಅವರೇ ಕಾಫಿ ಕುಡಿಯುತ್ತಾ ಹಿಂದಿನ ಬಾಗಿಲಲ್ಲಿ ನಿಂತಿದ್ದರು.

"ರಜಾ ದಿನ ಕೆಲಸ ಮಾಡೋ ಹಾಗಿಲ್ಲ."

"ಕೆಲಸಕ್ಕೆ ಬಂದಿಲ್ಲ. ಕೂರೋಕೆ ಬಂದೆ."

ಅವರ ತುಟಿ ಒಂಚೂರು ಅಲ್ಲಾಡಿತು. ದಾರಿ ಬಿಟ್ಟರು.

ಹೆರ್ ಟೀಲೆ ಅಂಗಿ ಬಿಚ್ಚುವುದು, ಹಾಕುವುದು. ಮತ್ತೆ ಬಿಚ್ಚುವುದು. ನಡುವೆ ತಮ್ಮ ತೋಟದ ಮಾತು. ಊರಾಚೆ ಎಲ್ಲರಿಗೂ ತುಂಡು ತುಂಡು ಜಾಗ ಕೊಟ್ಟಿದ್ದಾರಂತೆ. ಇವರ ತುಂಡಿನಲ್ಲಿ ಎರಡು ಸೇಬಿನ ಮರ. ಚಳಿಗಾಲ ಮುಗಿಯುವ ಮೊದಲು ಕೊಂಬೆ ಸವರಬೇಕು. "ಮಗಳು ಅಂತಾಳೆ, ಇಲ್ಲೂ ಕಿಟಕಿಯಿಂದ ಮರ ಕಾಣುತ್ತಲ್ಲಪ್ಪ ಅಂತ. ಕಾಣುತ್ತೆ. ಅದು ನನ್ನ ಮರಾನಾ?"

ಎಲ್ಲ ಗುಂಡಿ ಹಾಕಿದರು, ಕತ್ತಿನದೊಂದು ಬಿಟ್ಟು. ಮಧ್ಯಾಹ್ನವೆಲ್ಲ ಹಿಡಿಯಿತು. ಬೆವರು ಒರೆಸಿಕೊಂಡರು. ತಾವೇ.

ಫೆಬ್ರವರಿ 26, ಬುಧವಾರ

ತಪಾಸಣೆ. ಫ್ರೌ ಲೋರೆನ್ಸ್ ಬೆಳಿಗ್ಗೆಯೇ ಹೇಳಿದರು: "ನೀವು ಒಳಗೆ ಬರೋ ಹಾಗಿಲ್ಲ. ನಿಮ್ಮನ್ನ ನೋಡಿದ್ರೆ ಮತ್ತೆ ತೋಳು ಎತ್ತಬಹುದು."

ನ್ಯಾಯದ ಮಾತು. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಫ್ರೌ ಬೀಬರ್, ಫ್ರೌ ಲೋರೆನ್ಸ್, ಮಗಳು. ಬಾಗಿಲು ಮುಚ್ಚಿತ್ತು. ಚೇರ್ತಲದ ಭಗವತಿಗೆ ಹರಕೆ ಹೇಳಿಕೊಂಡೆ. ಕಾರಿಡಾರಿನ ಅಜ್ಜಿಯೊಬ್ಬಳು ಬಂದು ಪಕ್ಕ ಕೂತು ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಬೇಸರದಿಂದ ಎದ್ದು ಹೋದಳು.

ಒಳಗಿಂದ ಸದ್ದೇ ಇಲ್ಲ. ಒಮ್ಮೆ ಹೆರ್ ಟೀಲೆ ಏನೋ ಬೈದದ್ದು ಕೇಳಿಸಿತು. ಬೈದದ್ದಕ್ಕೆ ಧೈರ್ಯ ಬಂತು. ಬೈಯುತ್ತಿದ್ದಾರೆ ಅಂದರೆ ಬಿಟ್ಟುಕೊಟ್ಟಿಲ್ಲ.

ಬಾಗಿಲು ತೆರೆದಾಗ ಮೊದಲು ಬಂದವಳು ಮಗಳು ಉಟೆ. ಕಣ್ಣು ಕೆಂಪಾಗಿತ್ತು. ನನ್ನ ಕಡೆ ನೋಡಿ, "ಮನೆ ಮಾಲೀಕನಿಗೆ ಫೋನ್ ಮಾಡ್ಬೇಕು" ಅಂದಳು. ನಾನು ಬೆಂಚಿನಿಂದ ಎದ್ದೆ. "ಅಪ್ಪ ವಾಪಸ್ ಬರ್ತಾರೆ, ಮನೆ ಬಿಸಿ ಮಾಡಿಡಿ ಅಂತ ಹೇಳೋಕೆ."

ಹಿಂದೆ ಗೋಡೆ ಹಿಡಿದು ಹೆರ್ ಟೀಲೆ. ಅಂಗಿ ಒಂಚೂರು ಓರೆ. ಕತ್ತಿನವರೆಗೂ ಗುಂಡಿ.

"ಏನು ನೋಡ್ತೀರಿ?" ಅಂದರು. "ಕಾಫಿ ಆರಿಹೋಗುತ್ತೆ."

ಫೆಬ್ರವರಿ 28, ಶುಕ್ರವಾರ

ಬೆಳಿಗ್ಗೆ ಫ್ರೌ ಲೋರೆನ್ಸ್ ಮುಂದಿನ ತಿಂಗಳ ಪಾಳಿ ಹಂಚುವಾಗ ನನ್ನ ಹೆಸರಿನ ಹತ್ತಿರ ಬಂದರು. "ಫ್ರೌ ಕುಟ್ಟಪ್ಪನ್, ಸೋಮವಾರ ಬೆಳಗಿನದು. ಮುಂದಿನ ಸೋಮವಾರಾನೂ. ಅದರ ಮುಂದಿಂದೂ." ಅಷ್ಟೇ. ಆಂಕೆ ಮೊಣಕೈಯಿಂದ ತಿವಿದಳು. ಆಗ ಅರ್ಥವಾಯಿತು, ಕೆಲಸ ಕಾಯಂ. ಪಟ್ಟಿಯಲ್ಲಿ ನನ್ನ ಹೆಸರನ್ನು ಎರಡೆರಡು ಸಲ ಓದಿದೆ.

ಮಧ್ಯಾಹ್ನ ಹೆರ್ ಟೀಲೆ ಹೊರಟರು. ಬಾಗಿಲಲ್ಲಿ ಉಟೆಯ ಕಾರು. ಗಾಳಿ ಚೂರಿಯ ಹಾಗಿತ್ತು. ಉದ್ದನೆಯ ಕೋಟು ಹಾಕಿಕೊಂಡಿದ್ದರು, ಎದೆ ಬಿಟ್ಟುಕೊಂಡು. ದೊಡ್ಡ ಗುಂಡಿಗಳು, ಅಂಗಿಯವಕ್ಕಿಂತ ಸುಲಭ. ಕಾದೆ. ಹಾಕಿಕೊಳ್ಳಲಿಲ್ಲ. ನನ್ನೆದುರು ಬಂದು ನಿಂತರು.

"ಇವತ್ತು ನೀವು ಹಾಕಿ."

"ನಿಮಗೇ ಬರುತ್ತಲ್ಲ."

"ಬರುತ್ತೆ. ಬರಲ್ಲ ಅಂತ ಕೇಳ್ತಿಲ್ಲ."

ಫ್ರೌ ಲೋರೆನ್ಸ್ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ನನಗೆ ಕೈ ಎತ್ತಲು ಹೆದರಿಕೆ. ಆಮೇಲೆ ಫ್ರೌ ಲೋರೆನ್ಸ್ ಕಾರಿನಲ್ಲಿ ಚೀಲ ಸರಿಯಾಗಿ ಇಟ್ಟಿದ್ದಾರಾ ನೋಡುತ್ತೇನೆಂದು ಆ ಕಡೆ ತಿರುಗಿ ಹೋದರು. ಚೀಲ ಆಗಲೇ ಸರಿಯಾಗಿಯೇ ಇತ್ತು.

ಹಾಕಿದೆ. ಕೆಳಗಿನಿಂದ, ಒಂದೊಂದಾಗಿ, ಅವಸರವಿಲ್ಲದೆ. ಹೆರ್ ಟೀಲೆ ಗಲ್ಲ ಮೇಲೆತ್ತಿ ಮಗುವಿನ ಹಾಗೆ ನಿಂತಿದ್ದರು. ಬಹಳ ಇಷ್ಟದ ಮುದುಕ ಇವರು, ಈಗ ಬರೆಯಲು ನಾಚಿಕೆಯಿಲ್ಲ. 

ಕತ್ತಿನ ಗುಂಡಿ ಒಂದು ಬಿಟ್ಟೆ. ಕೈ ಹಿಂದಕ್ಕೆ ತೆಗೆದುಕೊಂಡೆ.

ಅವರು ಕೆಳಗೆ ನೋಡಿದರು, ನನ್ನನ್ನು ನೋಡಿದರು. ಗಾಳಿ ಬೀಸುತ್ತಿತ್ತು. ಉಟೆ ಕಾರು ಶುರು ಮಾಡಿದ್ದಳು. ಎಡಗೈ ಎತ್ತಿದರು. ಅದರ ಹಿಂದೆಯೇ ಬಲಗೈಯೂ ಎದ್ದಿತು, ನಡುಗುತ್ತಾ, ಎದೆಯವರೆಗೆ, ಕತ್ತಿನವರೆಗೆ, ನಾನು ಅಲ್ಲೇ ನಿಂತು, ಕೈ ಕಟ್ಟಿಕೊಂಡು, ಗುಂಡಿ ತೂತಿಗೆ ಸೇರುವವರೆಗೂ ನೋಡಿದೆ.